ಜಿಜಾಬಾಯಿಯ ಕಣದಲ್ಲಿ ಖೋ-ಖೋ

ನಾನು ಹುಟ್ಟಿದ್ದು ಬಸವಕಲ್ಯಾಣದಲ್ಲಿ, ಅನ್ನ ತಿಂದದ್ದು ಹುಮನಾಬಾದಿನಲ್ಲಿ. ಎರಡೂ ಊರುಗಳ ನಡುವೆ ಮುಕ್ಕಾಲು ತಾಸಿನ ದಾರಿ. ಜಂಬದಲ್ಲಿ ಮಾತ್ರ ನೂರು ಹರದಾರಿ ಅಂತರ. ಕಲ್ಯಾಣದವರಿಗೆ ಕೋಟೆ ಇದೆ, ಶರಣರ ಗುಹೆಗಳಿವೆ, ವರ್ಷವಿಡೀ ಬಸ್ಸು ತುಂಬಿ ಬರುವ ಜನ ಇದ್ದಾರೆ. ಹುಮನಾಬಾದ್ ಎಂದರೆ ಹೆದ್ದಾರಿಯಲ್ಲಿ ಬಸ್ಸು ಚಹಾಕ್ಕೆ ನಿಲ್ಲುವ ಊರು ಎಂದು ನನ್ನ ತಮ್ಮಂದಿರು ಇವತ್ತಿಗೂ ಹಂಗಿಸುತ್ತಾರೆ. ಮೂವತ್ತೊಂದು ವರ್ಷ ಇಲ್ಲಿ ಆಟದ ಮಾಸ್ತರನಾಗಿದ್ದವನು ನಾನು. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಯಾಕೆಂದರೆ ಹತ್ತು ವರ್ಷದ ಹಿಂದೆ ಐದು ರಾಜ್ಯಗಳ ಹೆಣ್ಣುಮಕ್ಕಳ ಖೋ-ಖೋ ಪಂದ್ಯಾವಳಿ ನಡೆದದ್ದು ಕಲ್ಯಾಣದಲ್ಲಲ್ಲ, ನಮ್ಮ ಹುಮನಾಬಾದಿನಲ್ಲಿ.

ಹದಿನೆಂಟು ತಂಡ, ನಾಲ್ಕು ದಿನ. ಅದಾದ ಮೇಲೆ ಊರು ಅದನ್ನು ಮರೆಯಲೇ ಇಲ್ಲ. ಪ್ರತಿವರ್ಷ ಫೆಬ್ರವರಿಯ ಎರಡನೆಯ ಭಾನುವಾರ ನಮಗೆ ಖೋ-ಖೋ ದಿನ. ಅವತ್ತು ಹೋಟೆಲುಗಳಲ್ಲಿ ಕುರ್ಚಿಗಳನ್ನು ಒಂದು ಆ ಕಡೆ ಮುಖ, ಒಂದು ಈ ಕಡೆ ಮುಖ ಮಾಡಿ ಸಾಲಾಗಿ ಇಡುತ್ತಾರೆ, ಆಟದಲ್ಲಿ ಹುಡುಗಿಯರು ಕೂಡುವ ಹಾಗೆ. ಹೊಸದಾಗಿ ಬಂದವನು ಕೂತವನ ಬೆನ್ನು ಮುಟ್ಟಿ ‘ಖೋ’ ಎಂದರೆ ಮುಗಿಯಿತು, ಕಪ್ಪಿನಲ್ಲಿ ಚಹಾ ಅರ್ಧ ಉಳಿದಿದ್ದರೂ ಎದ್ದು ಜಾಗ ಬಿಡಬೇಕು. ಈ ಕಾರಣಕ್ಕೆ ಬೀಗರ ನಡುವೆ ಮಾತು ಬಿಟ್ಟುಹೋದದ್ದೂ ಉಂಟು. ಆಟದ ಎರಡು ಕಂಬಗಳಿಗೆ ಸ್ನಾನ ಮಾಡಿಸಿ, ಅರಿಸಿನ ಹಚ್ಚಿ, ಹಲಗೆ ಬಾರಿಸುತ್ತ ಬಜಾರಿನಿಂದ ಮೈದಾನಕ್ಕೆ ಹೊತ್ತು ತರುತ್ತಾರೆ. ಮೈಕ್‌ಸೆಟ್ಟಿನ ಅಜೀಮುದ್ದೀನ್ ಅಂದಿನ ಫೈನಲ್ಲಿನ ವರ್ಣನೆಯನ್ನು ಬಾಯಿಪಾಠ ಒಪ್ಪಿಸುತ್ತಾನೆ. ಆ ಪಂದ್ಯ ಮೂವತ್ತಾರು ನಿಮಿಷದ್ದು. ಅವನ ವರ್ಣನೆ ಈಗ ಒಂದು ತಾಸು ದಾಟಿದೆ.

ಇಷ್ಟೆಲ್ಲ ಸಡಗರದ ಬುಡದಲ್ಲಿ ಒಬ್ಬ ಹೆಂಗಸು ಇದ್ದಾಳೆ. ದುಬಲಗುಂಡಿಯ ಜಿಜಾಬಾಯಿ. ವಯಸ್ಸು ಅರವತ್ತನಾಲ್ಕೋ ಅರವತ್ತಾರೋ, ಆಕೆಗೇ ಖಾತ್ರಿ ಇಲ್ಲ. ಗಂಡ ಭೀಮಶಾನಿಗೆ ನೂರಿಪ್ಪತ್ತು ಕುರಿ, ಎರಡು ಎತ್ತು, ಮೂರೆಕರೆ ಹೊಲ. ಆಕೆ ಖೋ-ಖೋ ಆಡಿದವಳಲ್ಲ. ಆ ಆಟಕ್ಕೆ ನೆಲ ಮಾಡಿಕೊಟ್ಟವಳು.

ಜಿಜಾಬಾಯಿಯ ತವರು ಕಲ್ಯಾಣ ತಾಲೂಕಿನ ಮುಡಬಿ. ಅಪ್ಪ ಸಂಗಪ್ಪ ಕಣ ಮಾಡುವುದರಲ್ಲಿ ಸುತ್ತಿನ ಏಳು ಹಳ್ಳಿಗೆ ಹೆಸರಾದವನು. ನಮ್ಮ ಕರಿ ಮಣ್ಣು ಒಣಗಿದರೆ ಬಾಯಿ ಬಿಡುತ್ತದೆ, ಬಿರುಕಿಗೆ ಬಿದ್ದ ಕಾಳು ಮತ್ತೆ ಸಿಗುವುದಿಲ್ಲ. ಅದಕ್ಕೇ ರಾಶಿ ಮಾಡುವ ಮೊದಲು ನೆಲ ಕಟ್ಟಬೇಕು. ಕೆಂಪು ಮುರುಮಿನ ಗರಸು, ಕರಿ ಮಣ್ಣು, ಜೋಳದ ಹೊಟ್ಟು ಬೆರೆಸಿ, ನೀರುಣ್ಣಿಸಿ, ದನ ಕುರಿಗಳಿಂದ ತುಳಿಸಿ, ಕಲ್ಲಿನ ಗುಂಡು ಎಳೆಸಿ, ಮೇಲೆ ಸಗಣಿ ಸಾರಿಸಬೇಕು. ಯಾವುದು ಎಷ್ಟು ಎಂಬುದು ಪುಸ್ತಕದಲ್ಲಿಲ್ಲ, ಅಂಗಾಲಿನಲ್ಲಿರುತ್ತದೆ. ಸಂಗಪ್ಪನ ಅಂಗಾಲಿನ ವಿದ್ಯೆ ಮಗಳಿಗೆ ಬಂತು. ಹೆಣ್ಣು ನೋಡಲು ದುಬಲಗುಂಡಿಯವರು ಬಂದಾಗ ಆಕೆ ಮೊಣಕೈತನಕ ಸಗಣಿ ಮೆತ್ತಿಕೊಂಡು ಕಣದಲ್ಲಿದ್ದಳಂತೆ. ಅರ್ಧಕ್ಕೆ ಬಿಟ್ಟರೆ ಪದರು ಏಳುತ್ತದೆ, ಅವರಿಗೆ ಕಾಯಲು ಹೇಳಿ ಎಂದಳಂತೆ. ಭೀಮಶಾನ ಅಪ್ಪ ಕಣದ ಒಣಗಿದ ಕಡೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿ, ಹುಡುಗಿಯ ಮುಖ ಸರಿಯಾಗಿ ನೋಡದೆಯೇ ಒಪ್ಪಿಕೊಂಡನಂತೆ. ಈ ಮಾತು ಹೇಳುವಾಗ ಈಗಲೂ ಭೀಮಶಾ ನಗುತ್ತಾನೆ, ಆಕೆ ನಗುವುದಿಲ್ಲ.

ಆಮೇಲೆ ಯಂತ್ರ ಬಂತು. ಹೊಲದಲ್ಲೇ ಜೋಳ ಬಡಿದು ತಾಡಪತ್ರಿಯ ಮೇಲೆ ಕಾಳು ಸುರಿಯುವ ಕಾಲದಲ್ಲಿ ಕಣ ಯಾರಿಗೆ ಬೇಕು? ಜಿಜಾಬಾಯಿಯ ವಿದ್ಯೆ ಹನ್ನೆರಡು ವರ್ಷ ಮೂಲೆಗೆ ಬಿತ್ತು. ಪಂದ್ಯಾವಳಿ ಬರದಿದ್ದರೆ ಅಲ್ಲೇ ಕೊಳೆಯುತ್ತಿತ್ತು.

ಮೈದಾನದ ಉಸ್ತುವಾರಿ ನನ್ನದು. ಗುತ್ತಿಗೆದಾರನೊಬ್ಬ ಮಣ್ಣು ಸುರಿದು, ರೋಡ್ ರೋಲರ್ ಹೊಡೆದು ಹೋಗಿದ್ದ. ಎರಡು ಬಿಸಿಲಿಗೆ ಮೇಲ್ಪದರು ಹಪ್ಪಳದ ಹಾಗೆ ಎದ್ದಿತು. ಪಂದ್ಯಕ್ಕೆ ಹತ್ತೇ ದಿನ. ಗುಂಡು ಎಳೆಸಲು ಎತ್ತು ಕೇಳಿಕೊಂಡು ದುಬಲಗುಂಡಿಗೆ ಹೋದೆ. ಭೀಮಶಾನ ಜೊತೆ ಆಕೆಯೂ ಬಂದಳು. ಮೈದಾನದ ನಡುವೆ ಚಪ್ಪಲಿ ಬಿಟ್ಟು, ಹಿಮ್ಮಡಿ ಊರಿ ಒಂದು ಸುತ್ತು ತಿರುಗಿ, ನನ್ನ ಮುಖ ನೋಡಿದಳು.

“ಇದರ ಮ್ಯಾಲ ನಮ್ಮ ಎಮ್ಮಿನೂ ಮಲಗಂಗಿಲ್ರಿ ಮಾಸ್ತರ.”

ಇಪ್ಪತ್ತು ವರ್ಷ ಮೈದಾನ ನೋಡಿದವನಿಗೆ ಒಬ್ಬ ಹೆಂಗಸು ಹೀಗೆನ್ನುವುದೇ ಎಂದು ಸಿಟ್ಟು ಬಂತು. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎದ್ದ ಪದರು ಕಣ್ಣೆದುರೇ ಇತ್ತು. ಮಾಡಿ ತೋರಿಸು ಎಂದೆ. ಮರುದಿನ ಬೆಳಿಗ್ಗೆ ನೂರಿಪ್ಪತ್ತು ಕುರಿ ಹೆದ್ದಾರಿ ದಾಟಿ ಊರೊಳಗೆ ಬಂದವು. ಹೈದರಾಬಾದಿನ ಬಸ್ಸು, ಸೋಲಾಪುರದ ಲಾರಿ ಎಲ್ಲ ನಿಂತವು. ಕುರಿಯ ಗೊರಸು ಸಣ್ಣದು, ಎತ್ತು ತುಳಿಯದ ಜಾಗವನ್ನೂ ಅದು ತುಳಿಯುತ್ತದೆ ಎಂಬುದು ಆಕೆಯ ಲೆಕ್ಕ. ಆರು ದಿನ ತುಳಿಸಿದಳು, ಎಳೆಸಿದಳು, ಸಾರಿಸಿದಳು. ಏಳನೆಯ ದಿನ ತೋಳು ಬರಿ ಮಾಡಿಕೊಂಡು, ಮೊಣಕೈಯನ್ನು ನೆಲದ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋದಳು. ಒಂದು ಗೀರೂ ಬೀಳಲಿಲ್ಲ.

ಎಂಟನೆಯ ದಿನ ನನ್ನ ಜೀವ ಬಾಯಿಗೆ ಬಂತು. ಪಂದ್ಯಾವಳಿಯ ದೊಡ್ಡ ಅಧಿಕಾರಿಗಳು ಮೈದಾನ ನೋಡಲು ಬಂದರೆ ಅಂಗಳದ ನಟ್ಟನಡುವೆ ಆಳೆತ್ತರದ ಕಂಬವೊಂದು ನಿಂತಿದೆ, ಬುಡಕ್ಕೆ ಕುಂಕುಮ, ತುದಿಗೆ ಜೋಳದ ತೆನೆ! ಕಣ ಎಂದರೆ ನಡುವೆ ಮೇಟಿ ಕಂಬ ಇರಲೇಬೇಕು, ಎತ್ತು ಅದರ ಸುತ್ತ ತಿರುಗಬೇಕು, ಮೇಟಿ ಇಲ್ಲದ ಕಣದಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಮಾಸ್ತರರು ಗಡಿಬಿಡಿಯಲ್ಲಿ ಮರೆತಿದ್ದಾರೆ ಎಂದುಕೊಂಡು ಆಕೆಯೇ ಬೆಳಿಗ್ಗೆ ಬಂದು ನೆಟ್ಟಿದ್ದಳು. ಖೋ-ಖೋಗೆ ಕಂಬ ಎರಡು, ಅವು ಎರಡು ತುದಿಗೆ ಎಂದು ತಿಳಿಸಿ ಹೇಳಲು ಅರ್ಧ ತಾಸು ಹಿಡಿಯಿತು. ಎರಡು ಮೇಟಿಯ ಕಣವನ್ನು ತನ್ನ ಅಪ್ಪನೂ ಕಂಡಿರಲಿಲ್ಲ ಎಂದು ಗೊಣಗುತ್ತಲೇ ಕಿತ್ತಳು. ಆ ಕುಣಿ ಮುಚ್ಚಿ ಮತ್ತೆ ಹದಕ್ಕೆ ತರಲು ಇನ್ನೊಂದು ದಿನ ಹೋಯಿತು.

ಆ ನಾಲ್ಕು ದಿನದಲ್ಲಿ ಜಿಜಾಬಾಯಿ ಒಂದೇ ಒಂದು ಪಂದ್ಯವನ್ನೂ ನೋಡಲಿಲ್ಲ. ಆಟದ ಹೊತ್ತಿನಲ್ಲಿ ಹಸಿ ಸಗಣಿ ಹೊಂದಿಸಲು ಊರೂರು ಅಲೆಯುತ್ತಿದ್ದಳು. ಸಂಜೆ ಎಲ್ಲರೂ ಹೋದ ಮೇಲೆ ಬಂದು ನೆಲ ರಿಪೇರಿ ಮಾಡುತ್ತಿದ್ದಳು. ಆಗ ಆಟವನ್ನು ಆಕೆ ನೆಲದ ಮೇಲೆ ಓದಿಕೊಳ್ಳುತ್ತಿದ್ದಳು. ಓಡುವವಳನ್ನು ಮುಟ್ಟಲು ಬೆನ್ನಟ್ಟುವವಳು ಎದೆಯ ಮೇಲೆ ಚಾಚಿ ಬೀಳುತ್ತಾಳಲ್ಲ, ಅದಕ್ಕೆ ಡೈವ್ ಅನ್ನುತ್ತೇವೆ. ಹಾಗೆ ಬಿದ್ದಲ್ಲೆಲ್ಲ ನೆಲದ ಮೇಲೆ ಉದ್ದನೆಯ ನುಣುಪು ಗುರುತು ಉಳಿಯುತ್ತಿತ್ತು. ಆಕೆ ಅವನ್ನು ಎಣಿಸುತ್ತಿದ್ದಳು. ಮೊದಲ ದಿನ ಹನ್ನೊಂದು. ಕೊನೆಯ ದಿನ ಐವತ್ತಮೂರು. ಗುರುತು ಯಾಕೆ ಹೆಚ್ಚಾದವು ಗೊತ್ತೇ ಎಂದು ನನ್ನನ್ನು ಕೇಳಿದಳು. ಆಟ ಬಿರುಸಾಯಿತು ಎಂದೆ. ಅಲ್ಲವಂತೆ. ಬೇರೆ ಊರಿನ ಹುಡುಗಿಯರಿಗೆ ದಿನದಿಂದ ದಿನಕ್ಕೆ ನೆಲದ ಮೇಲೆ ನಂಬಿಕೆ ಬಂತಂತೆ. ತಾಯಿಯ ಮಡಿಲಿಗೆ ಬೀಳುವ ಕೂಸು ಯೋಚಿಸುವುದಿಲ್ಲ ನೋಡ್ರಿ ಎಂದಳು. ಹಿಂದೆಂದೂ ನಾನು ಆ ಆಟವನ್ನು ಹಾಗೆ ನೋಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹತ್ತನೆಯ ವರ್ಷದ ಹಬ್ಬ ದೊಡ್ಡದಾಗಿ ಆಗಬೇಕೆಂದು ಊರು ನಿಶ್ಚಯಿಸಿತು. ಆಗ ಕಪ್ಪು ಗೆದ್ದಿದ್ದ ಸೋಲಾಪುರದವರನ್ನು ಕರೆಸಿ, ನಮ್ಮ ಹುಡುಗಿಯರೊಂದಿಗೆ ಒಂದು ಪಂದ್ಯ ಆಡಿಸುವುದು. ನಮ್ಮ ತಂಡದಲ್ಲಿ ಜಿಜಾಬಾಯಿಯ ಮೊಮ್ಮಗಳು ಧನಶ್ರೀ ಇದ್ದಳು, ಹದಿನೇಳರ ಹುಡುಗಿ, ಓಟದಲ್ಲಿ ಇಡೀ ತಾಲೂಕಿಗೆ ಮೊದಲು. ಕಮಿಟಿಯ ಕಾರ್ಯದರ್ಶಿ ಶೈಲೇಶ. ಟೈಲ್ಸ್ ಅಂಗಡಿ ಇಟ್ಟಿರುವ ಚುರುಕು ಮನುಷ್ಯ, ಆದರೆ ಹೊಳೆಯುವುದೆಲ್ಲ ಒಳ್ಳೆಯದು ಎಂಬ ನಂಬಿಕೆಯವನು. ಈಗ ಎಲ್ಲ ಕಡೆ ಆಟ ರಬ್ಬರ್ ಮ್ಯಾಟಿನ ಮೇಲೆ, ಹೈದರಾಬಾದಿನಿಂದ ಬಾಡಿಗೆಗೆ ತರಿಸೋಣ ಎಂದ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಮದುವೆಯ ಬೆಳ್ಳಿಹಬ್ಬಕ್ಕೆ ಹೆಂಡತಿಯನ್ನೇ ಬದಲಾಯಿಸುತ್ತೀಯೇನೋ ಎಂದು ಸಭೆಯಲ್ಲೇ ಕೇಳಿದೆ. ಜನ ನಕ್ಕರು, ಶೈಲೇಶನೂ ನಕ್ಕ, ಮ್ಯಾಟು ರದ್ದಾಯಿತು.

ಜಿಜಾಬಾಯಿ ಮತ್ತೆ ಕುರಿ ಹೊಡೆದುಕೊಂಡು ಬಂದಳು. ಈ ಸಲ ಮೊಣಕಾಲು ನೋಯುತ್ತಿತ್ತು, ಕೂತರೆ ಏಳಲು ಭೀಮಶಾನ ಕೈ ಬೇಕಾಗುತ್ತಿತ್ತು. ಆದರೂ ಸಾರಿಸುವ ಕೆಲಸವನ್ನು ಬೇರೆಯವರಿಗೆ ಕೊಡಲಿಲ್ಲ. ಹನ್ನೆರಡು ದಿನ ಹಿಡಿಯಿತು. ಇದೇ ತನ್ನ ಕಡೆಯ ನೆಲ ಎಂದು ಆಕೆ ನನ್ನೊಬ್ಬನಿಗೇ ಹೇಳಿದ್ದಳು. ಈ ಸಲ ಕೂತು ಆಟ ನೋಡುತ್ತೇನೆ, ಡೈವುಗಳನ್ನು ಗುರುತಿನಲ್ಲಲ್ಲ, ಕಣ್ಣಾರೆ ಎಣಿಸುತ್ತೇನೆ ಎಂದೂ ಹೇಳಿದ್ದಳು.

ಶನಿವಾರ ಸಂಜೆ ಸೋಲಾಪುರದವರು ಬಂದಿಳಿದರು. ಅವರ ತರಬೇತುದಾರಳು ಉಜ್ವಲಾ ಹೊಸಬಳು, ಹಿಂದಿನ ಪಂದ್ಯಾವಳಿ ಕಂಡವಳಲ್ಲ. ಮೈದಾನಕ್ಕೆ ಬಂದು, ಬಗ್ಗಿ, ನೆಲ ಮೂಸಿದಳು. ಸಗಣಿಯೇ ಎಂದು ಕೇಳಿದಳು. ಹೌದೆಂದೆ. ಎರಡು ವರ್ಷದ ಹಿಂದೆ ಯಾವುದೋ ಊರಿನ ಮಣ್ಣಿನಲ್ಲಿ ಆಕೆಯ ತಂಡದ ಹುಡುಗಿಯ ಮಂಡಿ ಹರಿದು, ಗಾಯ ಕೀವಾಗಿ, ಆ ಹುಡುಗಿ ವರ್ಷವಿಡೀ ಆಟ ಬಿಟ್ಟು ಕೂತಿದ್ದಳಂತೆ. ಸೋಲಾಪುರದವರ ಕನ್ನಡ ನಮ್ಮ ಕನ್ನಡವೇ. ಪಕ್ಕದಲ್ಲಿ ಬಕೀಟು ಹಿಡಿದು ನಿಂತಿದ್ದ ಜಿಜಾಬಾಯಿಗೆ ಒಂದಕ್ಷರವೂ ತಪ್ಪಲಿಲ್ಲ.

“ಆಡ್ತೀವ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮ ಹುಡ್ಗೇರು ಇಲ್ಲಿ ಡೈವ್ ಹೊಡ್ಯಂಗಿಲ್ಲ. ನಾ ಹೇಳಿಬಿಟ್ಟೀನಿ,” ಎಂದಳು ಉಜ್ವಲಾ.

ನನಗೆ ರೇಗಿತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತಿಥಿ ಎಂದು ನುಂಗಿಕೊಂಡೆ. ಜಿಜಾಬಾಯಿ ಮಾತ್ರ ಸಿಟ್ಟಾಗಲಿಲ್ಲ. ಹರಿದ ಮಂಡಿಯ ಸುದ್ದಿ ಕೇಳಿದ ಮೇಲೆ ಆ ಹೆಣ್ಣುಮಗಳು ಹಾಗೆನ್ನುವುದು ಸರಿಯೇ ಎಂದಳು. ಬಕೀಟು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಮೈದಾನದ ಕಡೆ ಒಮ್ಮೆ ನೋಡಿ ಮನೆಗೆ ಹೋದಳು. ಹನ್ನೆರಡು ದಿನ ಅಡುಗೆ ಮಾಡಿ ಬಡಿಸಿದವಳ ಎದುರಿಗೆ, ಎಲೆಯ ಮುಂದೆ ಕೂಡುತ್ತೇವೆ, ತುತ್ತು ಮಾತ್ರ ಎತ್ತುವುದಿಲ್ಲ ಎಂದ ಹಾಗಾಗಿತ್ತು.

ಭಾನುವಾರ ಊರು ಊರಾಗಿರಲಿಲ್ಲ. ಬಜಾರಿನ ಉದ್ದಕ್ಕೂ ಹೋಟೆಲಿನವರು ಕುರ್ಚಿಗಳನ್ನು ರಸ್ತೆಗೇ ತಂದು ಸಾಲು ಹಚ್ಚಿದ್ದರು. ತಹಶೀಲ್ದಾರರ ಬೆನ್ನಿಗೆ ಹೂ ಮಾರುವ ಮೀರಾಬಾಯಿ ‘ಖೋ’ ಎಂದಾಗ ಅವರು ನಗುತ್ತ ಎದ್ದರು. ಕೊಡಂಬಲದಿಂದ, ಚಿಟಗುಪ್ಪದಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಕಲ್ಯಾಣದಿಂದ ನನ್ನ ಇಬ್ಬರು ತಮ್ಮಂದಿರೂ ಬಂದರು; ಚಹಾ ಕುಡಿಯಲು ಬಂದಿದ್ದೇವೆ ಎಂದರು. ಜಾಗ ಸಾಲದೆ ಜನ ಮಾಳಿಗೆಗಳನ್ನು ಏರಿದರು. ಜಿಜಾಬಾಯಿಯನ್ನು ಮೊದಲ ಸಾಲಿನಲ್ಲಿ ನನ್ನ ಪಕ್ಕಕ್ಕೆ ಕೂಡಿಸಿದೆ. ಇಳಕಲ್ ಸೀರೆ ಉಟ್ಟು, ಮುಖ ಗಂಟು ಹಾಕಿಕೊಂಡು ಕೂತಳು.

ನಾಲ್ಕು ಸರದಿಯ ಆಟ. ಒಂದು ತಂಡ ಓಡುವುದು, ಇನ್ನೊಂದು ಬೆನ್ನಟ್ಟಿ ಮುಟ್ಟುವುದು, ಆಮೇಲೆ ಅದಲು ಬದಲು. ಒಬ್ಬಳನ್ನು ಮುಟ್ಟಿದರೆ ಒಂದು ಅಂಕ. ನಮ್ಮ ಹುಡುಗಿಯರು ಮೊದಲ ಸರದಿಯಲ್ಲೇ ಎದೆ ಚಾಚಿ ಚಾಚಿ ಬಿದ್ದು ಒಂಬತ್ತು ಅಂಕ ಬಾಚಿದರು. ಮಾಳಿಗೆಗಳು ಕೂಗಿದವು. ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಜಿಜಾಬಾಯಿ ಅಲುಗಲಿಲ್ಲ. ನಿನ್ನ ನೆಲದ ಮೇಲೆ ಆರು ಡೈವ್ ಬಿತ್ತಲ್ಲ ಎಂದು ಅವಳ ಕಿವಿಯಲ್ಲಿ ಹೇಳಿದೆ.

“ನಮ್ಮ ಹುಡ್ಗೇರು ಕಲ್ಲಿನ ಮ್ಯಾಲೂ ಬೀಳ್ತಾವ್ರಿ,” ಎಂದಳು. “ಅದು ಲೆಕ್ಕಕ್ಕಿಲ್ಲ.”

ಸೋಲಾಪುರದವರು ಬೆನ್ನಟ್ಟುವಾಗ ಬೇರೆಯೇ ಆಟ. ಬಲು ಚತುರೆಯರು, ಆದರೆ ನಿಂತೇ ಮುಟ್ಟುತ್ತಿದ್ದರು. ಕೈಗೂ ಓಡುವವಳಿಗೂ ಗೇಣು ಅಂತರ ಉಳಿದಾಗ ಬಿದ್ದಿದ್ದರೆ ಸಿಗುತ್ತಿದ್ದಳು, ಬೀಳುತ್ತಿರಲಿಲ್ಲ, ತಡೆದುಕೊಳ್ಳುತ್ತಿದ್ದರು. ಪ್ರತಿಸಲ ತಡೆದುಕೊಂಡಾಗಲೂ ಜಿಜಾಬಾಯಿಯ ಕೈ ಮಡಿಲಲ್ಲಿ ಬಿಗಿಯಾಗುತ್ತಿತ್ತು. ಮೂರು ಸರದಿ ಮುಗಿಯಿತು. ನಮ್ಮ ಹದಿನಾರು ಅಂಕಕ್ಕೆ ಅವರದು ಎಂಟು. ಊರೆಲ್ಲ ಆಗಲೇ ಗೆದ್ದ ಹಾಗೆ ಗುಲಾಲು ಬಿಚ್ಚಿತ್ತು. ಆಕೆ ಒಬ್ಬಳೇ ಸೋತವಳ ಹಾಗೆ ಕೂತಿದ್ದಳು. ನನಗೂ ಆ ಗೆಲುವು ಯಾಕೋ ರುಚಿಸಲಿಲ್ಲ.

ಕೊನೆಯ ಸರದಿ ಒಂಬತ್ತು ನಿಮಿಷದ್ದು, ಬೆನ್ನಟ್ಟುವವರು ಸೋಲಾಪುರದವರು. ಆಗ ಅವರು ಆಡಿದ ಆಟ ನಾನು ಸಾಯುವತನಕ ಮರೆಯುವುದಿಲ್ಲ. ಖೋ ಮೇಲೆ ಖೋ, ಗಾಳಿಯ ಹಾಗೆ ತಿರುಗಿ ನಮ್ಮವರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಹೊರಗೆ ಕಳಿಸಿದರು. ಹನ್ನೆರಡು, ಹದಿನಾಲ್ಕು, ಹದಿನಾರು. ಸಮ! ಅಂಗಳದಲ್ಲಿ ಉಳಿದವಳು ಧನಶ್ರೀ ಒಬ್ಬಳೇ, ಒಂದೂವರೆ ನಿಮಿಷ ಬಾಕಿ. ಸಮವಾಗಿಯೇ ಮುಗಿದರೆ ಕಪ್ಪು ಹುಮನಾಬಾದಿನಲ್ಲೇ ಉಳಿಯತಕ್ಕದ್ದು ಎಂದು ನಮ್ಮ ಕಮಿಟಿ ಜಾಣತನದಿಂದ ಮೊದಲೇ ಬರೆದಿಟ್ಟಿತ್ತು. ಧನಶ್ರೀ ಸಿಗದಿದ್ದರೆ ನಾವು ಗೆದ್ದೆವು, ಸಿಕ್ಕರೆ ಅವರು.

ಆ ಹುಡುಗಿ ಏನು ಓಡಿದಳು! ಸಾಲಿನೊಳಗೆ ಹೊಕ್ಕು, ಹೊರಗೆ ಬಂದು, ಕಂಬ ಸುತ್ತಿ, ಮತ್ತೆ ಒಳಗೆ. ಒಂದು ನಿಮಿಷ ಕಳೆಯಿತು. ಇಪ್ಪತ್ತು ಸೆಕೆಂಡು ಉಳಿದಾಗ ಸೋಲಾಪುರದ ಎಲ್ಲರಿಗಿಂತ ಸಣ್ಣ ಹುಡುಗಿ ವರ್ಷಾ ಖೋ ಪಡೆದು ಎದ್ದಳು. ಧನಶ್ರೀ ಕಂಬದ ಕಡೆ ಜಿಗಿದಳು. ಇಬ್ಬರ ನಡುವೆ ಎರಡು ಮಾರು. ಕಾಲಿನಿಂದ ಅದು ಸಿಗುವ ಅಂತರವಲ್ಲ ಎಂದು ಗೊತ್ತಾಗಲು ಮಾಸ್ತರನಾಗಬೇಕಾಗಿರಲಿಲ್ಲ. ಉಜ್ವಲಾ ಗೆರೆಯಾಚೆಯಿಂದ ಬೇಡ ಬೇಡ ಎಂದು ಕೈ ಬೀಸುತ್ತಿದ್ದಳು. ವರ್ಷಾ ಅದನ್ನು ನೋಡಿದಳೋ ಇಲ್ಲವೋ. ಎರಡೂ ಕೈ ಮುಂದಕ್ಕೆ ಚಾಚಿ, ಪೂರಾ ಮೈಯನ್ನು ನೆಲಕ್ಕೆ ಬಿಟ್ಟುಕೊಟ್ಟಳು. ಎದೆಯ ಮೇಲೆ ಜಾರುತ್ತ ಹೋಗಿ ಧನಶ್ರೀಯ ಹಿಮ್ಮಡಿ ಮುಟ್ಟಿದಳು.

ಸೀಟಿ ಮೊಳಗಿತು. ಹುಮನಾಬಾದಿಗೆ ಹುಮನಾಬಾದೇ ಮೌನವಾಯಿತು. ಅಜೀಮುದ್ದೀನನ ಬಾಯಿಂದಲೂ ಮಾತು ಹೊರಡಲಿಲ್ಲ, ಅದು ಹತ್ತು ವರ್ಷದಲ್ಲಿ ಮೊದಲ ಸಲ. ಆ ಮೌನದಲ್ಲಿ ಒಂದೇ ಜೋಡಿ ಕೈ ಚಪ್ಪಾಳೆ ತಟ್ಟುವುದು ಕೇಳಿಸಿತು. ಪಕ್ಕಕ್ಕೆ ತಿರುಗಿದೆ. ಏಳಲು ಗಂಡನ ಕೈ ಬೇಕಾಗಿದ್ದ ಜಿಜಾಬಾಯಿ ತಾನೇ ಎದ್ದು ನಿಂತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತ ಚಪ್ಪಾಳೆ ತಟ್ಟುತ್ತಿದ್ದಳು. ನಾನೂ ತಟ್ಟಿದೆ. ಶೈಲೇಶ ತಟ್ಟಿದ. ಯಾಕೆಂದು ತಿಳಿಯದಿದ್ದರೂ ಮಾಳಿಗೆಗಳೆಲ್ಲ ತಟ್ಟಿದವು. ಸೋತ ಊರೊಂದು ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉಜ್ವಲಾ ಓಡಿಬಂದು ವರ್ಷಾಳ ಮೊಣಕೈ, ಮಂಡಿ, ಗದ್ದ ಎಲ್ಲ ತಿರುಗಿಸಿ ತಿರುಗಿಸಿ ನೋಡಿದಳು. ಅಂಗಿಗೆ ಹಸಿರು ಧೂಳು ಹತ್ತಿತ್ತು, ಅಷ್ಟೇ. ಬಯ್ಯಲು ತೆರೆದ ಬಾಯಿ ಮುಚ್ಚಿ, ತಾನೂ ನೆಲದ ಮೇಲೆ ಕೂತು, ಅಂಗೈಯಿಂದ ಅದನ್ನು ಸವರಿದಳು. ಇದನ್ನು ಮಾಡಿದವರು ಯಾರೆಂದು ಕೇಳಿದಳು. ಬಕೀಟು ಹಿಡಿದು ನಿನ್ನೆ ನಿನ್ನ ಪಕ್ಕದಲ್ಲೇ ನಿಂತಿದ್ದಳಲ್ಲ ಎಂದೆ. ಹಾಗೆ ಹೇಳುವಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಧನಶ್ರೀ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. ಊರೆದುರು ಸೋತ ನೋವಿಗಿಂತ ಅಜ್ಜಿಯ ಚಪ್ಪಾಳೆ ಅವಳಿಗೆ ಹೆಚ್ಚು ಚುಚ್ಚಿತ್ತು.

“ಆಯಿ, ನಾ ಔಟ್ ಆದ್ರ ನೀನೇ ಎದ್ದು ನಿಂತು ಚಪ್ಪಾಳಿ ಹೊಡ್ದಿ?”

ಜಿಜಾಬಾಯಿ ಮೊಮ್ಮಗಳ ಎರಡೂ ಕೈ ಹಿಡಿದುಕೊಂಡಳು.

“ನೀ ಹಂಗ ಓಡಿಲ್ಲಂದ್ರ ಆಕಿ ಯಾಕ ಬೀಳ್ತಿದ್ದಳವ್ವಾ? ನಿನ್ನ ಹಿಡೀಬೇಕಂದ್ರ ಆಕಿ ನನ್ನ ನೆಲಾ ನಂಬಬೇಕಾತು.”